ಸಹಿ ಇದೆ, ಹೆಸರಿಲ್ಲ

ರಸ್ತೆಯ ಗುಂಡಿಗೆ ಗುಟ್ಟಿಲ್ಲ. ಅದರಲ್ಲಿ ಇಳಿದೆದ್ದ ಗಾಡಿಯವನಿಗೆ ಇರಬಹುದು.

*

2008ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ‘ನೆರಿಸೆಲ್’ ಎಂಬ ವ್ಯವಸ್ಥೆಯೊಂದನ್ನು ಕಟ್ಟಿದರು. ಜೇಬಿನಲ್ಲಿರುವ ಮೊಬೈಲೇ ರಸ್ತೆಯ ಗತಿ ಹೇಳಬೇಕು. ಅಕ್ಸೆಲರೋಮೀಟರ್ ಗುಂಡಿ, ಹಂಪು, ಬ್ರೇಕು ಗುರುತಿಸುತ್ತಿತ್ತು. ಮೈಕು ಹಾರ್ನ್ ಪತ್ತೆ ಮಾಡುತ್ತಿತ್ತು. ಜಿಪಿಎಸ್ ಮತ್ತು ಟವರಿನ ಸಂಕೇತ ಜಾಗ ತಿಳಿಸುತ್ತಿದ್ದವು. ಫೋನು ಅಡ್ಡಬಿದ್ದಿರಲಿ, ತಲೆಕೆಳಗಾಗಿರಲಿ, ಭೂಮಿಯ ಸೆಳೆತ ಹಿಡಿದು ಮೇಲು ಯಾವುದು ಕೆಳಗು ಯಾವುದು ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತಿತ್ತು. ಸಂಚಾರವನ್ನು ಅಳೆಯಲು ವೇಗವೊಂದೇ ಸಾಲದು, ಹಾರ್ನೂ ಬೇಕು ಎಂದು ಹೊಳೆದದ್ದು ಬೆಂಗಳೂರಿನಲ್ಲಿ ಎಂಬುದಕ್ಕೆ ಯಾರೂ ಆಶ್ಚರ್ಯಪಡಬೇಕಿಲ್ಲ.

*

ಹಾರ್ನಿಗೆಂದು ತೆರೆದ ಕಿವಿಗೆ ಹಿಂದಿನ ಸೀಟಿನ ಜಗಳವೂ ಕೇಳಿಸುತ್ತದೆ.

*

ಅದೇ 2008ರಲ್ಲಿ ಅಮೆರಿಕದ ಎಂಐಟಿಯವರು ಬಾಸ್ಟನ್ನಿನ ಟ್ಯಾಕ್ಸಿಗಳಿಗೆ ಸೆನ್ಸರ್ ಕಟ್ಟಿ ಗುಂಡಿ ಹುಡುಕಿದರು. ಟ್ಯಾಕ್ಸಿ ಎಲ್ಲಿಗೆ ಹೋದರೂ ಅದು ಬಹುಮಟ್ಟಿಗೆ ಹತ್ತಿದವರ ದಾರಿ. ಜೇಬಿನ ಫೋನು ಹೋಗುವುದು ಸ್ವಂತ ದಾರಿಯಲ್ಲಿ. ಗುಂಡಿ ಒಂದೇ ಆದರೂ ಎರಡು ವರದಿಗಳ ತೂಕ ಬೇರೆ.

*

ಇಂಥ ಕೆಲಸಕ್ಕೆ 2006ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ‘ಪಾರ್ಟಿಸಿಪೇಟರಿ ಸೆನ್ಸಿಂಗ್’ ಎಂದು ಹೆಸರಿಟ್ಟರು. ಜನರೇ ಕೂಡಿ ಅಳೆಯುವುದು: ಗದ್ದಲ, ಧೂಳು, ಟ್ರಾಫಿಕ್ಕು, ಬಸ್ಸಿನ ನೂಕುನುಗ್ಗಲು. ಒಳ್ಳೆಯ ಕನಸು. ಸರ್ಕಾರ ಮಾಪಕ ಹಾಕದ ಗಲ್ಲಿಯಲ್ಲೂ ಜನ ಮಾಪಕ ಇಟ್ಟುಕೊಂಡು ಓಡಾಡುತ್ತಾರೆ. ಊರನ್ನು ಅಳೆಯಲು ಹೊರಟವನು ಮೊದಲು ತನ್ನನ್ನೇ ಅಳತೆಗೆ ಒಡ್ಡಿಕೊಳ್ಳುತ್ತಾನೆ ಎಂಬುದು ಆಮೇಲೆ ಗೊತ್ತಾಗುವ ವಿಷಯ.

*

ಏನು, ಎಲ್ಲಿ, ಯಾವಾಗ. ವರದಿಯಲ್ಲಿ ಇರುವುದು ಈ ಮೂರೇ. ‘ಯಾರು’ ಎಂಬುದು ಕರೆಯದೆಯೂ ಬಂದು ಕೂರುತ್ತದೆ.

*

ಹೆಸರು ಅಳಿಸಿದ್ದೇವೆ ಎನ್ನುವವರಿಗೆ 2013ರ ಒಂದು ಅಧ್ಯಯನ ಓದಲು ಕೊಡಬೇಕು. 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟವನ್ನು ಹೆಸರು ತೆಗೆದು ನೋಡಿದರು. ಯಾವ ಹೊತ್ತಿಗೆ ಯಾವ ಟವರಿನ ಬಳಿ ಇದ್ದ ಎಂಬ ಬರೀ ನಾಲ್ಕು ಬಿಂದು ಗೊತ್ತಿದ್ದರೆ ನೂರರಲ್ಲಿ 95 ಜನರನ್ನು ಮಿಕ್ಕವರಿಂದ ಬೇರ್ಪಡಿಸಬಹುದಿತ್ತು. ಮನೆ, ಕಚೇರಿ, ಮಗುವಿನ ಶಾಲೆ, ವಾರಕ್ಕೊಮ್ಮೆ ಹೋಗುವ ಆಸ್ಪತ್ರೆ. ನಾಲ್ಕು ಮುಗಿಯಿತು.

*

ನ್ಯೂಯಾರ್ಕಿನ ಟ್ಯಾಕ್ಸಿ ಆಯೋಗ 2014ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದವರಿಗೆ 17 ಕೋಟಿಗೂ ಹೆಚ್ಚು ಪ್ರಯಾಣಗಳ ವಿವರ ಕೊಟ್ಟಿತು. ಟ್ಯಾಕ್ಸಿ ಸಂಖ್ಯೆಗಳನ್ನು ಗಣಿತದ ಯಂತ್ರಕ್ಕೆ ಹಾಕಿ ಅರೆದು ಕೊಟ್ಟಿದ್ದರು. ಗುರುತು ಸಿಗುವುದಿಲ್ಲ ಎಂಬ ಧೈರ್ಯ. ಆದರೆ ಆ ಊರಿನ ಟ್ಯಾಕ್ಸಿ ಸಂಖ್ಯೆಗಳು ಇಂಥದೇ ಮಾದರಿಯಲ್ಲಿ ಇರಬೇಕೆಂಬ ನಿಯಮವಿದೆ. ಒಟ್ಟು ಸಾಧ್ಯತೆ ಕಡಿಮೆ. ಎಲ್ಲವನ್ನೂ ಅದೇ ಯಂತ್ರಕ್ಕೆ ಹಾಕಿ ಹೋಲಿಸಿ ನೋಡಿದವರಿಗೆ ಕೆಲವೇ ಗಂಟೆಗಳಲ್ಲಿ ಅಸಲು ಸಂಖ್ಯೆ ಸಿಕ್ಕಿತು. ಚಿತ್ರನಟರು ಟ್ಯಾಕ್ಸಿ ಹತ್ತುವ ಫೋಟೋಗಳ ಜೊತೆ ಸಮಯ ಹೊಂದಿಸಿ ಯಾರು ಎಷ್ಟು ಟಿಪ್ಸ್ ಕೊಟ್ಟರು ಎಂಬುದನ್ನೂ ಓದಿದರು. ನಟರ ಜಿಪುಣತನ ಸುದ್ದಿಯಾಯಿತು. ದಿನವಿಡೀ ದುಡಿದ ಚಾಲಕರ ಸಂಪಾದನೆ, ಮನೆಯ ದಾರಿ ಬಯಲಾದದ್ದು ಅಷ್ಟು ಸುದ್ದಿಯಾಗಲಿಲ್ಲ.

*

ಹಾಗಾದರೆ ಯಾರು ಬೇಕಾದರೂ, ಗುರುತೇ ಹೇಳದೆ ವರದಿ ಕಳಿಸಲಿ ಎನ್ನೋಣವೇ? ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ ಒಂದು ಕೈಗಾಡಿಯಲ್ಲಿ 99 ಹಳೆಯ ಫೋನುಗಳನ್ನು ತುಂಬಿ ಖಾಲಿ ರಸ್ತೆಯಲ್ಲಿ ಎಳೆದುಕೊಂಡು ನಡೆದ. 2020ರಲ್ಲಿ ಅದರ ವಿಡಿಯೋ ಹೊರಬಂತು. ಗೂಗಲ್ ನಕ್ಷೆಯಲ್ಲಿ ಆ ರಸ್ತೆ ಕೆಂಪಾಗಿತ್ತು: ಭಾರೀ ಟ್ರಾಫಿಕ್ ಜಾಮ್. ಅಲ್ಲಿದ್ದದ್ದು ಒಬ್ಬ ಮನುಷ್ಯ, ಒಂದು ಗಾಡಿ.

*

ಒಬ್ಬನೇ ನೂರು ಜನವಾಗಿ ಬರುವ ಈ ಮೋಸದ ಬಗ್ಗೆ ಜಾನ್ ಡೌಸರ್ 2002ರಲ್ಲೇ ಬರೆದಿದ್ದರು. ಗುರುತನ್ನು ಖಾತ್ರಿ ಮಾಡುವ ಯಾವುದೋ ಒಂದು ಕೇಂದ್ರವಿಲ್ಲದೆ ಇದನ್ನು ಪೂರ್ತಿ ತಡೆಯುವುದು ಪ್ರಾಯೋಗಿಕವಾಗಿ ಆಗದು ಎಂಬುದು ಅವರ ವಾದ. ಅಲ್ಲಿಂದ ಮುಂದಿನದೆಲ್ಲ ಇಕ್ಕಟ್ಟು. ಗುರುತು ಕೇಳಿದರೆ ಜನ ಬೆತ್ತಲಾಗುತ್ತಾರೆ. ಕೇಳದಿದ್ದರೆ ಕೈಗಾಡಿ ಬರುತ್ತದೆ.

*

ಡಿಜಿಟಲ್ ಸಹಿಯ ಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಮುಂದಿಟ್ಟರು. ಮರುವರ್ಷ ರಿವೆಸ್ಟ್, ಶಮಿರ್, ಏಡಲ್‌ಮನ್ ಅದನ್ನು ಮಾಡಿ ತೋರಿಸುವ ದಾರಿಯೊಂದನ್ನು, ಆರ್‌ಎಸ್‌ಎಯನ್ನು, ಕಂಡುಹಿಡಿದರು. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗದು. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಕಂಪನಿ ಲೆಕ್ಕಪತ್ರಕ್ಕೆ, ಟೆಂಡರಿಗೆ ಇದು ಹೇಳಿಮಾಡಿಸಿದ್ದು. ಅಲ್ಲಿ ‘ಬರೆದವನು ನಾನೇ’ ಎನ್ನುವುದೇ ಉದ್ದೇಶ.

*

ಅದೇ ಸಹಿಯನ್ನು ಗುಂಡಿಯ ವರದಿಗೆ ಹಾಕಿ ನೋಡಿ. ಬೆಳಿಗ್ಗೆ ಜಯನಗರದಲ್ಲಿ ಒಂದು, ಮಧ್ಯಾಹ್ನ ಮೆಜೆಸ್ಟಿಕ್ಕಿನಲ್ಲಿ ಒಂದು, ರಾತ್ರಿ ಇನ್ನೆಲ್ಲೋ ಒಂದು. ಮೂರಕ್ಕೂ ಒಂದೇ ಬಹಿರಂಗ ಕೀಲಿ. ಸುಳ್ಳನ್ನು ತಡೆಯಲು ತಂದ ಸಹಿ ಸತ್ಯವಂತನ ಬೆನ್ನು ಹತ್ತುತ್ತದೆ.

*

ಬೇಕಾದದ್ದು ಎರಡು ಮಾತು ಹೇಳುವ ಸಹಿ: ಇವನು ನಮ್ಮವರಲ್ಲಿ ಒಬ್ಬ, ಇವನು ಒಮ್ಮೆ ಮಾತ್ರ ಹೇಳಿದ್ದಾನೆ. ಮೂರನೆಯ ಮಾತು ಅದರ ಬಾಯಲ್ಲಿ ಬರಬಾರದು.

*

ಕಾಗದದ ಲೋಕದಲ್ಲಿ ಇದರ ಹತ್ತಿರದ ನೆಂಟ ಮೈಸೂರಿನಲ್ಲಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಬೆರಳ ಮೇಲಿನ ಆ ಗೆರೆಯಲ್ಲಿ ಸಿಲ್ವರ್ ನೈಟ್ರೇಟ್ ಇದೆ, ತೊಳೆದರೆ ಹೋಗದು. ಇವನು ಮತ ಹಾಕಿದ್ದಾನೆ, ಇನ್ನೊಮ್ಮೆ ಹಾಕಬಾರದು ಎನ್ನುತ್ತದೆ. ಯಾರಿಗೆ ಹಾಕಿದ ಎಂದು ಕೇಳಿದರೆ ಶಾಯಿಗೆ ಗೊತ್ತಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದಲ್ಲ, ನಿಜವಾಗಿ ಗೊತ್ತಿಲ್ಲ. ಈ ವ್ಯತ್ಯಾಸದ ಮೇಲೆ ನಿಂತಿದೆ ಮುಂದಿನ ಗಣಿತವೆಲ್ಲ.

*

ಡೇವಿಡ್ ಚೌಮ್ 1982ರಲ್ಲಿ ‘ಬ್ಲೈಂಡ್ ಸಿಗ್ನೇಚರ್’ ಎಂಬ ಉಪಾಯ ಹೇಳಿದರು: ನೋಡದೆ ಹಾಕುವ ಸಹಿ. ಅವರೇ ಕೊಟ್ಟ ಉದಾಹರಣೆ, ಒಳಗೆ ಕಾರ್ಬನ್ ಹಚ್ಚಿದ ಲಕೋಟೆ. ಹೊರಗೆ ಸಹಿ ಮಾಡಿದರೆ ಒಳಗಿನ ಚೀಟಿಗೆ ಅಚ್ಚು ಬೀಳುತ್ತದೆ. ಚೀಟಿಯಲ್ಲಿ ಏನಿದೆ ಎಂದು ಸಹಿ ಮಾಡಿದವರಿಗೆ ಕಾಣದು. ಗಣಿತದಲ್ಲಿ ಲಕೋಟೆಯ ಕೆಲಸ ಮಾಡುವುದು ಒಂದು ಯಾದೃಚ್ಛಿಕ ಸಂಖ್ಯೆ. ಫೋನು ತನ್ನ ಟೋಕನ್ನಿಗೆ, ಅಂದರೆ ಇಲ್ಲಿನ ಚೀಟಿಗೆ, ಆ ಸಂಖ್ಯೆಯ ಮುಸುಕು ಹಾಕಿ ಕಳಿಸುತ್ತದೆ. ಸರ್ವರ್ ಈತ ಸದಸ್ಯ ಹೌದೆಂದು ನೋಡಿ ಮುಸುಕಿನ ಮೇಲೆಯೇ ಸಹಿ ಮಾಡುತ್ತದೆ. ಫೋನು ಮುಸುಕು ತೆಗೆದರೆ ಸಹಿ ಟೋಕನ್ನಿನ ಮೇಲೆ ಉಳಿಯುತ್ತದೆ. ನಾಳೆ ವರದಿಯ ಜೊತೆ ಆ ಟೋಕನ್ ಬಂದಾಗ ಸರ್ವರ್ ‘ಸಹಿ ನನ್ನದೇ’ ಎನ್ನುತ್ತದೆ. ಯಾರಿಗೆ ಹಾಕಿಕೊಟ್ಟಿದ್ದೆ ಎಂದು ಅದಕ್ಕೆ ಹೇಳಲಾಗದು. ದಿನಕ್ಕೆ ಒಬ್ಬರಿಗೆ ಹತ್ತೇ ಟೋಕನ್ ಕೊಟ್ಟರೆ ಕೈಗಾಡಿಯವನ ಕೈಯೂ ಕಟ್ಟಿತು.

*

ಚೌಮ್ ಇದನ್ನು ಯೋಚಿಸಿದ್ದು ಹಣಕ್ಕಾಗಿ. ಕೊಟ್ಟವರ ಗುರುತು ಉಳಿಯದ ಡಿಜಿಟಲ್ ನಗದು. ಅದಕ್ಕೆಂದು ಕಟ್ಟಿದ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾಯಿತು. ಆರ್‌ಎಸ್‌ಎ ಬ್ಲೈಂಡ್ ಸಹಿ ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸಾಲಿನಲ್ಲಿ ಆರ್‌ಎಫ್‌ಸಿ 9474 ಎಂದು ಪ್ರಕಟವಾದದ್ದು 2023ರಲ್ಲಿ. ಉಪಾಯಕ್ಕೂ ದಾಖಲೆಗೂ ನಡುವೆ 41 ವರ್ಷ. ಗಣಿತ ತಡ ಮಾಡಲಿಲ್ಲ. ಜನರನ್ನು ನೋಡದೆ ಇರಲು ಯಾರಿಗೂ ಅವಸರವಿರಲಿಲ್ಲ.

*

‘ನೋಡುವುದಿಲ್ಲ’ ಎಂಬುದು ಮಾತು. ‘ನೋಡಲಾಗದು’ ಎಂಬುದು ವ್ಯವಸ್ಥೆ. ಖಾಸಗಿತನದ ನೀತಿ ಎಂದು ಆ್ಯಪ್‌ಗಳು ಪುಟಗಟ್ಟಲೆ ಬರೆಯುವುದೆಲ್ಲ ಮೊದಲನೆಯ ಜಾತಿ.

*

1991ರಲ್ಲಿ ಚೌಮ್ ಮತ್ತು ವಾನ್ ಹೈಸ್ಟ್ ಗುಂಪು ಸಹಿಯನ್ನು ತಂದರು. ಸದಸ್ಯರಲ್ಲಿ ಯಾರು ಸಹಿ ಹಾಕಿದರೂ ಹೊರಗಿನವರಿಗೆ ಕಾಣುವುದು ಗುಂಪು ಮಾತ್ರ. ಒಬ್ಬನೇ ಹಾಕಿದ ಎರಡು ಸಹಿಗಳನ್ನು ಪಕ್ಕಪಕ್ಕ ಇಟ್ಟರೂ ಒಬ್ಬನದೇ ಎಂದು ಹೇಳಲಾಗದು. ಆದರೆ ಗುಂಪಿನ ಯಜಮಾನನ ಬಳಿ ಒಂದು ವಿಶೇಷ ಕೀಲಿ ಇರುತ್ತದೆ. ಜಗಳ ಬಂದರೆ ಅದರಿಂದ ಸಹಿ ಬಿಚ್ಚಿ ಹೆಸರು ಹೇಳಬಹುದು. 2004ರಲ್ಲಿ ಬೋನೆ, ಬಾಯೆನ್, ಶಾಚಮ್ ಇಂಥ ಸಹಿಯನ್ನು 200 ಬೈಟಿನೊಳಗೆ ಇಳಿಸಿದರು. ಎಸ್‌ಎಂಎಸ್ ಒಂದಕ್ಕಿಂತ ಸ್ವಲ್ಪ ದೊಡ್ಡದು.

*

2008ರ ‘ಅನಾನಿಸೆನ್ಸ್’, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಯತ್ನ, ಮೊಬೈಲ್ ಸೆನ್ಸಿಂಗ್‌ಗೆ ಗುಂಪು ಸಹಿಯನ್ನು ತಂದಿತು. ಫೋನು ಕೆಲಸ ತೆಗೆದುಕೊಳ್ಳುವಾಗಲೂ ವರದಿ ಕೊಡುವಾಗಲೂ ‘ನಾನು ನೋಂದಾಯಿತ ಸದಸ್ಯ’ ಎಂದಷ್ಟೇ ಸಾಬೀತು ಮಾಡುತ್ತದೆ. ಅದನ್ನು ಕಟ್ಟಿದವರಿಗೆ ಒಂದು ವಿಷಯ ಮೊದಲೇ ಗೊತ್ತಿತ್ತು: ಸಹಿ ಬಾಗಿಲು ಮಾತ್ರ ಮುಚ್ಚುತ್ತದೆ, ಕಿಟಕಿಗಳ ಯೋಚನೆ ಬೇರೆಯೇ ಮಾಡಬೇಕು. ಅವರ ಬರಹದಲ್ಲಿ ಕಿಟಕಿಗಳ ಮಾತೂ ಇದೆ.

*

ಕಿಟಕಿ, ಒಂದು. ಸಹಿಯಲ್ಲಿ ಹೆಸರಿಲ್ಲ ಸರಿ, ವರದಿ ಬಂದ ಅಂತರ್ಜಾಲ ವಿಳಾಸ? ಅದಕ್ಕೂ ಚೌಮ್ 1981ರಲ್ಲೇ ಉಪಾಯ ಹೇಳಿದ್ದರು: ನಡುವಿನ ಸರ್ವರ್ ಹಲವರ ಸಂದೇಶಗಳನ್ನು ತಡೆದಿಟ್ಟು, ಕಲೆಸಿ, ಆಮೇಲೆ ಮುಂದಕ್ಕೆ ಕಳಿಸುವುದು. ಕಲೆಸಲು ಕಾಯಬೇಕು. ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ಗುಂಡಿಗೆ ಅವಸರವಿಲ್ಲ, ನಮ್ಮ ಊರುಗಳಲ್ಲಿ ಅದು ಮಳೆಗಾಲದಿಂದ ಮಳೆಗಾಲಕ್ಕೆ ಕಾಯುತ್ತದೆ. ಅದರ ವರದಿ ಆರು ಗಂಟೆ ತಡವಾಗಿ ಬಂದರೆ ಏನೂ ಕೆಡುವುದಿಲ್ಲ. ಟ್ರಾಫಿಕ್ ಜಾಮಿನ ಸುದ್ದಿ ಆರು ಗಂಟೆ ತಡವಾದರೆ ಅದು ಇತಿಹಾಸ. ಹಾಗಾಗಿ ಗುಂಡಿ ವರದಿ ಮಾಡುವವನ ಗುಟ್ಟು ಕಾಪಾಡುವುದು ಅಗ್ಗ. ಜಾಮಿನಲ್ಲಿ ಸಿಕ್ಕಿಕೊಂಡವನದು ದುಬಾರಿ. ಯಾವ ಮಾಹಿತಿ ಎಷ್ಟು ಬೇಗ ಬೇಕು ಎಂದು ಕೇಳಿಕೊಳ್ಳುವ ಅಭ್ಯಾಸವಿದ್ದಿದ್ದರೆ ಅರ್ಧ ಬೇಹುಗಾರಿಕೆ ತಾನೇ ನಿಲ್ಲುತ್ತಿತ್ತು. ಎಲ್ಲವೂ ಈಗಲೇ ಬೇಕು ಎನ್ನುವವನಿಗೆ ಎಲ್ಲರೂ ಕಾಣುತ್ತಾರೆ.

*

ಕಿಟಕಿ, ಎರಡು. ಗುಂಪು ಸಹಿಗೆ ಗುಂಪು ಬೇಕು. ಮಲೆನಾಡಿನ ಎಸ್ಟೇಟ್ ರಸ್ತೆಯಿಂದ ರಾತ್ರಿ ಮೂರು ಗಂಟೆಗೆ ಬಂದ ಒಂದೇ ಒಂದು ವರದಿಗೆ ಎಂಥ ಸಹಿ ಹಾಕಿದರೂ ಅಷ್ಟೇ. ಆ ರಸ್ತೆಯಲ್ಲಿ ಮನೆ ಇರುವುದು ಒಂದು.

*

ಅದಕ್ಕೆ ಅನಾನಿಸೆನ್ಸ್ ನಕ್ಷೆಯನ್ನು ತುಂಡು ಮಾಡಿತು: ಪ್ರತಿ ತುಂಡಿನಲ್ಲೂ ಇಷ್ಟು ಜನರಾದರೂ ಇರುವಂತೆ. ಫೋನು ನಿಖರ ಜಾಗ ಹೇಳದೆ ತುಂಡನ್ನಷ್ಟೇ ಹೇಳುತ್ತದೆ. ಪೇಟೆಯಲ್ಲಿ ತುಂಡು ಚಿಕ್ಕದು, ಕಾಡಂಚಿನಲ್ಲಿ ದೊಡ್ಡದು. ಆದರೆ ‘ಈ ಹೋಬಳಿಯಲ್ಲಿ ಎಲ್ಲೋ ಒಂದು ಗುಂಡಿ ಇದೆ’ ಎಂಬ ವರದಿಯಿಂದ ಯಾವ ಎಂಜಿನಿಯರಿಗೂ ಉಪಯೋಗವಿಲ್ಲ. ಹಳ್ಳಿಯವರು ಒಂದೋ ಗುಟ್ಟು ಬಿಡಬೇಕು, ಇಲ್ಲ ರಸ್ತೆ ಬಿಡಬೇಕು. ಜನಸಂದಣಿಯೂ ಒಂದು ಸವಲತ್ತು. ಅದನ್ನು ಯಾವ ಕೀಲಿಯೂ ಹಂಚಿಕೊಡದು.

*

ಕಿಟಕಿ, ಮೂರು. ಕೆಲವೊಮ್ಮೆ ಪ್ರಶ್ನೆಯಲ್ಲೇ ಹೆಸರಿರುತ್ತದೆ. ‘ಇಂಥ ಬೀದಿಯಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಮಾದರಿಯ ಫೋನು ಇರುವವರು ಗದ್ದಲ ಅಳೆದು ಕಳಿಸಿ’ ಎಂದರೆ ಉತ್ತರಿಸುವವನು ಒಬ್ಬನೇ ಆಗಬಹುದು. ವರದಿ ಪರೀಕ್ಷಿಸುವ ಮೊದಲು, ಕೆಲಸ ಹಚ್ಚುವವರನ್ನು ಪರೀಕ್ಷಿಸಬೇಕು.

*

ಗುಂಪು ಸಹಿಯನ್ನು ಬಿಚ್ಚುವ ಕೀಲಿ ಯಾರ ಕೈಯಲ್ಲಿ? ಇಡೀ ವಿಷಯ ಬಂದು ನಿಲ್ಲುವುದು ಇಲ್ಲಿ. ಗಣಿತದವರು ‘ನಂಬಿಕಸ್ಥ ಮೂರನೆಯವರು’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಊರಿನಲ್ಲಿ ಆ ಮೂರನೆಯವರನ್ನು ಹುಡುಕಲು ಹೊರಟವನಿಗೆ ಮುಂದಿನ ಸಾಲು ಸಿಗುವುದಿಲ್ಲ. ಆ್ಯಪ್ ಮಾಡಿದ ಕಂಪನಿಯೇ? ಮಾಹಿತಿಯ ಮೇಲೆ ಅದರ ಕಣ್ಣಿದೆ. ಪಾಲಿಕೆಯೇ? ಗುಂಡಿಯ ದೂರು ಇರುವುದು ಅದರ ಮೇಲೆಯೇ. ಪೊಲೀಸರೇ? ನಾಳೆ ಪ್ರತಿಭಟನೆಯ ಜಾಗದಲ್ಲಿ ಯಾರಿದ್ದರು ಎಂದು ಮೊದಲು ಕೇಳುವವರು ಅವರು.

*

ಸಿಂಗಾಪುರದ ‘ಟ್ರೇಸ್‌ಟುಗೆದರ್’ 2020ರ ಕೋವಿಡ್ ಕಾಲದಲ್ಲಿ ಬಂತು. ಯಾರು ಯಾರ ಹತ್ತಿರ ಇದ್ದರು ಎಂಬ ಮಾಹಿತಿ ಸೋಂಕಿನ ಪತ್ತೆಗೆ ಮಾತ್ರ ಎಂದು ಜನರಿಗೆ ಹೇಳಲಾಗಿತ್ತು. 2021ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನಲ್ಲಿ ಉತ್ತರ ಬಂತು: ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದು, ಕಾನೂನಿನಲ್ಲಿ ಅವಕಾಶವಿದೆ. ಜನ ಸಿಟ್ಟಾದ ಮೇಲೆ, ಘೋರ ಅಪರಾಧಗಳ ಏಳು ವರ್ಗಕ್ಕೆ ಮಾತ್ರ ಎಂದು ಹೊಸ ಕಾನೂನು ಮಾಡಿ ಮಿತಿ ಹಾಕಿದರು. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲವೇನೋ. ಕೀಲಿ ಇತ್ತು, ಕೀಲಿ ಇದ್ದಲ್ಲಿಗೆ ಬೀಗ ಹುಡುಕಿಕೊಂಡು ಜನ ಬರುತ್ತಾರೆ.

*

ಬಿಚ್ಚುವ ಕೀಲಿಯನ್ನು ಮೂರು ಪಾಲು ಮಾಡಿ ಮೂವರ ಬಳಿ ಇಟ್ಟು, ಇಬ್ಬರಾದರೂ ಒಪ್ಪಿದರೆ ಮಾತ್ರ ತೆರೆಯುವಂತೆ ಮಾಡಬಹುದು. ಸದಸ್ಯರನ್ನು ಸೇರಿಸುವವರು ಬೇರೆ, ಬಿಚ್ಚುವವರು ಬೇರೆ ಎಂದು ವಿಂಗಡಿಸಬಹುದು. ಇದು ಗಣಿತದಲ್ಲಿ ಸುಲಭ. ಆ ಮೂವರು ಒಂದೇ ಕಚೇರಿಯ ಮೂರು ಟೇಬಲ್ ಆಗದಂತೆ ನೋಡಿಕೊಳ್ಳುವುದು ಕಷ್ಟ.

*

ಬಿಚ್ಚುವ ಕೀಲಿಯೇ ಇಲ್ಲದ ಸಹಿಯೂ ಇದೆ. 2001ರಲ್ಲಿ ರಿವೆಸ್ಟ್, ಶಮಿರ್, ಟೌಮನ್ ಹೇಳಿದ ಉಂಗುರ ಸಹಿ. ಯಜಮಾನನಿಲ್ಲ, ನೋಂದಣಿ ಇಲ್ಲ. ಸಹಿ ಹಾಕುವವನು ತನಗೆ ಬೇಕಾದವರ ಬಹಿರಂಗ ಕೀಲಿಗಳನ್ನು, ಅವರನ್ನು ಕೇಳದೆಯೇ, ಸುತ್ತ ಕೂರಿಸಿಕೊಂಡು ಅವರ ನಡುವೆ ಅಡಗುತ್ತಾನೆ. ಗುಟ್ಟು ಹೊರಹಾಕುವವರಿಗೆಂದೇ ಹುಟ್ಟಿದ ಉಪಾಯ. ತರಲೆ ಮಾಡಿದವನನ್ನು ಹೊರಗೆ ಹಾಕಲು ಇಲ್ಲಿ ದಾರಿಯಿಲ್ಲ.

*

ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ: ವರದಿಯಿಂದ ಯಾರಿಗೆ ನೋವಾಗುತ್ತದೆ ನೋಡಿ. ಬಸ್ಸಿನ ಜನದಟ್ಟಣೆ ಹೇಳುವ ಆ್ಯಪ್‌ಗೆ ಬಿಚ್ಚುವ ಕೀಲಿ ಇದ್ದರೂ ಇರಲಿ. ಕಾರ್ಖಾನೆಯ ಹೊಗೆ ಅಳೆಯುವವರ, ಮರಳು ಲಾರಿಗಳ ಸದ್ದು ದಾಖಲಿಸುವವರ ಕೈಗೆ ಕೊಡುವ ಸಹಿಯಲ್ಲಿ ಅಂಥ ಕೀಲಿ ಹುಟ್ಟಲೇಬಾರದು. ನಾಲ್ಕು ಸುಳ್ಳು ವರದಿ ಬಂದರೆ ಬರಲಿ. ಅಂಕಿ ತಿದ್ದಬಹುದು, ಮುರಿದ ಕೈಕಾಲು ತಿದ್ದುವುದು ಕಷ್ಟ.

*

ಸಹಿ ಸರಿಯಿದ್ದ ಮಾತ್ರಕ್ಕೆ ಅಳತೆ ಸರಿಯೆಂದಲ್ಲ. ಫೋನನ್ನು ಮೇಜಿನ ಮೇಲೆ ಕುಟ್ಟಿದರೂ ಅಕ್ಸೆಲರೋಮೀಟರಿಗೆ ಅದು ಗುಂಡಿಯೇ. ಸಹಿ ಹೇಳುವುದು ಈ ಸುಳ್ಳನ್ನು ನಮ್ಮ ಸದಸ್ಯನೇ ಕಳಿಸಿದ್ದಾನೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದಷ್ಟೇ. ಗುಂಡಿ ನಿಜವೋ ಎಂದು ತಿಳಿಯಲು ಹತ್ತು ಜನ ಹಾಯಬೇಕು. ಹತ್ತು ವರದಿ ಹತ್ತು ಜನರದ್ದೇ ಹೌದು ಎನ್ನಲು ಮಾತ್ರ ಸಹಿ ಬೇಕು.

*

ಫೋನಿನಲ್ಲಿ ಜೈರೋಸ್ಕೋಪ್ ಎಂಬುದಿದೆ, ತಿರುಗುವಿಕೆ ಅಳೆಯುವುದು. ಸದ್ದಿಗೂ ಅದು ಸಣ್ಣಗೆ ನಡುಗುತ್ತದೆ. 2014ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಇಸ್ರೇಲಿನ ಸಂಶೋಧಕರು ಆ ನಡುಕದಿಂದ ಮಾತಿನ ತುಣುಕುಗಳನ್ನು ಊಹಿಸಬಹುದೆಂದು ತೋರಿಸಿದರು. ತೀರ ಸ್ಪಷ್ಟವಾಗಿ ಅಲ್ಲ. ಮೈಕಿಗೆ ಅನುಮತಿ ಕೇಳುವ ಫೋನು ಆಗ ಇದಕ್ಕೆ ಕೇಳುತ್ತಿರಲಿಲ್ಲ. ಗುಂಡಿ ಅಳೆಯುವ ಆ್ಯಪ್ ನಿರಪರಾಧಿ ಎಂದು ಮುಖ ನೋಡಿ ಹೇಳಲಾಗದು.

*

ಕಚ್ಚಾ ಅಳತೆಯನ್ನು ಕಳಿಸಿ ಆಮೇಲೆ ಕಾಪಾಡುವುದಕ್ಕಿಂತ ಫೋನಿನಲ್ಲೇ ಲೆಕ್ಕ ಮುಗಿಸಿ ‘ಗುಂಡಿ, ಇಲ್ಲಿ’ ಎಂದು ಎರಡೇ ಮಾತು ಕಳಿಸುವುದು ಮೇಲು. ಸಂಗ್ರಹವಾಗದೆ ಉಳಿದದ್ದನ್ನು ಯಾರೂ ಕದಿಯಲಾರರು, ಯಾವ ಕೋರ್ಟೂ ತರಿಸಲಾರದು.

*

2020ರಲ್ಲಿ ಗೂಗಲ್ ಮತ್ತು ಆಪಲ್ ಸೇರಿ ಮಾಡಿದ ಸೋಂಕಿನ ಎಚ್ಚರಿಕೆ ವ್ಯವಸ್ಥೆಯಲ್ಲಿ ಫೋನು ಪ್ರತಿ 10ರಿಂದ 20 ನಿಮಿಷಕ್ಕೊಮ್ಮೆ ತನ್ನ ಗುರುತು ಬದಲಿಸುತ್ತಿತ್ತು. ಒಳ್ಳೆಯದೇ. ಆದರೆ ಖಾಲಿ ಕೋಣೆಯಲ್ಲಿ ಕೂತು ವೇಷ ಬದಲಿಸಿದವನನ್ನು ಯಾರಾದರೂ ಗುರುತಿಸುತ್ತಾರೆ.

*

ಭಾಗವಹಿಸಿದವರಿಗೆ ಹತ್ತು ರೂಪಾಯಿ ಬಹುಮಾನ ಎಂದು ಯೋಜನೆಯವರು ಉದಾರಿಗಳಾಗುತ್ತಾರೆ. ಯುಪಿಐಗೆ ಹಾಕುತ್ತೇವೆ, ನಂಬರ್ ಕೊಡಿ ಎನ್ನುತ್ತಾರೆ. ನಲವತ್ತು ವರ್ಷದ ಗಣಿತ ಹತ್ತು ರೂಪಾಯಿಗೆ ಹೋಯಿತು.

*

ಫಿಟ್‌ನೆಸ್ ಆ್ಯಪ್ ಸ್ಟ್ರಾವಾ 2017ರ ನವೆಂಬರಿನಲ್ಲಿ ಲೋಕದ ಓಟಗಾರರ ಹೆಜ್ಜೆಗಳನ್ನೆಲ್ಲ ಕೂಡಿಸಿ ಒಂದು ಹೊಳೆಯುವ ನಕ್ಷೆ ಮಾಡಿತು. ಒಬ್ಬರ ಹೆಸರೂ ಅದರಲ್ಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಗಮನಿಸಿದ: ಕತ್ತಲೆ ತುಂಬಿದ ಮರುಭೂಮಿಯ ನಡುವೆ ಬೆಳಗುವ ಆಯತಗಳು ಸೈನಿಕ ನೆಲೆಗಳ ಓಟದ ದಾರಿ. ಅಲ್ಲಿ ಬಯಲಾದದ್ದು ಯಾವ ಒಬ್ಬನ ಗುಟ್ಟೂ ಅಲ್ಲ, ಒಂದು ಗುಂಪಿನದು. ಇದಕ್ಕೆ ಯಾವ ಸಹಿಯಲ್ಲೂ ಮದ್ದಿಲ್ಲ.

*

ಬಾಸ್ಟನ್ನಿನ ‘ಸ್ಟ್ರೀಟ್ ಬಂಪ್’ ಆ್ಯಪ್ ಬಂದಾಗ ಒಂದು ಆಕ್ಷೇಪ ಎದ್ದಿತು: ಸ್ಮಾರ್ಟ್‌ಫೋನು ಉಳ್ಳವರ ಬಡಾವಣೆಯ ಗುಂಡಿ ಮುಚ್ಚುತ್ತದೆ, ಬಡವರ ಬೀದಿಯದು ನಕ್ಷೆಗೇ ಬರುವುದಿಲ್ಲ. ಗುರುತಿಲ್ಲದ ವರದಿಗಳು ಬಂದರೆ ಈ ಪಕ್ಷಪಾತ ಇನ್ನೂ ಮರೆಯಾಗುತ್ತದೆ. ಹೇಳಿದವರು ಯಾರು ಎಂದು ಗೊತ್ತಿಲ್ಲದ ಮೇಲೆ ಹೇಳದೆ ಉಳಿದವರು ಯಾರು ಎಂದು ಕೇಳುವುದು ಹೇಗೆ? ಖಾಸಗಿತನದ ಪರವಾಗಿ ಇಷ್ಟು ಬರೆದವನಿಗೆ ಇದೊಂದು ಮುಳ್ಳು. ತೆಗೆಯಲು ನನಗೆ ಬರುವುದಿಲ್ಲ.

*

ಊಟ ಹೊತ್ತು ತರುವ ಹುಡುಗನ ಫೋನಿನಲ್ಲಿ ಎಲ್ಲ ಸೆನ್ಸರೂ ಇವೆ, ‘ಒಪ್ಪುತ್ತೇನೆ’ ಎಂಬ ಬಟನ್ನೂ ಇದೆ. ‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದರೆ ಆರ್ಡರ್ ಬರುವುದಿಲ್ಲ.

*

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2012ರಲ್ಲಿ ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ 86 ವರ್ಷ. ಹೆಸರು ಹೇಳದೆ ಇರುವ ಹಕ್ಕು ಈಗ ದೇಶದ ಕೋರ್ಟುಗಳಲ್ಲೆಲ್ಲ ಅವರ ಹೆಸರಿನಿಂದಲೇ ನಡೆಯುತ್ತಿದೆ. ಹಕ್ಕಿಗಾಗಿ ಯಾರಾದರೊಬ್ಬರು ಹೆಸರು ಕೊಡಲೇಬೇಕಿತ್ತು.

*

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳಿ ಕೇಳಿ ಒಪ್ಪಿಗೆ ಪಡೆಯಿರಿ ಎನ್ನುತ್ತದೆ, ತಪ್ಪಿದರೆ ದಂಡ. ಮಾಹಿತಿ ಹೋದ ಮೇಲೆ ಕಾನೂನು ಬರುತ್ತದೆ. ನೋಡದೆ ಸಹಿ ಹಾಕಿದ ಟೋಕನ್ ಅದು ಹೋಗದಂತೆ ಮೊದಲೇ ತಡೆಯುತ್ತದೆ. ಎರಡನ್ನೂ ಒಂದೇ ಮೇಜಿಗೆ ಕರೆಯುವವರು ಕಡಿಮೆ: ವಕೀಲರಿಗೆ ಗಣಿತದ ಭಯ, ಗಣಿತದವರಿಗೆ ವಕೀಲರ ಭಯ.

*

ಸದಸ್ಯನ ಫೋನು ಕಳುವಾಯಿತು. ಕಳ್ಳನ ಕೈಯಲ್ಲಿ ಈಗ ಗುಂಪಿನ ಸಹಿ ಇದೆ. ಆ ಒಂದು ಕೀಲಿಯನ್ನು ಗುಂಪಿನಿಂದ ತೆಗೆಯಬೇಕು. ರದ್ದಾದ ಕೀಲಿಗಳ ಪಟ್ಟಿ ಇಟ್ಟು, ಬಂದ ಪ್ರತಿ ಸಹಿಯನ್ನೂ ಅದರ ಜೊತೆ ತಾಳೆ ನೋಡುವ ವಿಧಾನ 2004ರಿಂದ ಇದೆ. ಆದರೆ ಸರಳವಾಗಿ ಮಾಡಿದರೆ ಒಂದು ಅಪಾಯ: ಪಟ್ಟಿಗೆ ಸೇರಿದ ಕೀಲಿಯಿಂದ ಹಿಂದೆ ಹಾಕಿದ ಸಹಿಗಳೆಲ್ಲ ಒಟ್ಟಿಗೆ ಗುರುತು ಸಿಕ್ಕಿಬಿಡುತ್ತವೆ. ಕಳ್ಳನನ್ನು ಹೊರಗೆ ಹಾಕಲು ಹೋಗಿ, ಫೋನು ಕಳೆದುಕೊಂಡವನ ಎರಡು ವರ್ಷದ ಓಡಾಟ ಬಿಚ್ಚಿಟ್ಟಂತೆ. ಇದನ್ನು ತಡೆಯುವ ಸಹಿಗಳೂ ಇವೆ. ಟೆಂಡರಿನಲ್ಲಿ ಅವನ್ನು ಕೇಳಬೇಕು ಎಂದು ಯಾರಿಗಾದರೂ ಹೊಳೆಯಬೇಕು, ಅಷ್ಟೇ.

*

ಈ ಸಹಿಗಳ ಲೆಕ್ಕವೆಲ್ಲ ಫೋನಿನ ಬ್ಯಾಟರಿ ತಿನ್ನುತ್ತದೆ ಎಂಬ ಮಾತು 2008ರಲ್ಲಿ ನಿಜವಿತ್ತು. ವಿಡಿಯೋ ಕಾಲ್ ಮಾಡುತ್ತಲೇ ಬಸ್ಸು ಹತ್ತುವ ಈ ಕಾಲದಲ್ಲಿ ಅದನ್ನು ಹೇಳುವವರು ಬೇರೆ ಕಾರಣ ಮುಚ್ಚಿಡುತ್ತಿದ್ದಾರೆ.

*

ಕ್ವಾಂಟಮ್ ಕಂಪ್ಯೂಟರ್ ದೊಡ್ಡದಾಗಿ ಬಂದರೆ ಇಂದಿನ ಸಹಿಗಳನ್ನು ನಕಲು ಮಾಡಬಹುದು ಎಂಬುದು 1994ರಿಂದ ಗೊತ್ತಿರುವ ಸಂಗತಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟಿನಲ್ಲಿ ಅದನ್ನು ತಡೆಯುವ ಹೊಸ ಸಹಿಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದರ ಅತಿ ಚಿಕ್ಕ ರೂಪವೇ 2420 ಬೈಟು, ಇಂದಿನ ಕೆಲವು ಸಹಿಗಳದು 64. ಕಂಪನಿಗಳು ನಕಲಿ ಸಹಿಯ ಚಿಂತೆಯಲ್ಲಿವೆ. ಗುಂಪು ಸಹಿ ಹಾಕಿದವರ ಚಿಂತೆ ಬೇರೆ. ಅದರೊಳಗೆ ಸದಸ್ಯನ ಗುರುತು ಬೀಗ ಹಾಕಿದ ಸ್ಥಿತಿಯಲ್ಲಿ ಕೂತೇ ಇದೆ. ಇಂದು ಸರ್ವರಿನಲ್ಲಿ ಉಳಿದ ವರದಿಯನ್ನು ಇಪ್ಪತ್ತು ವರ್ಷ ಬಿಟ್ಟು ಯಾರೋ ಬಿಚ್ಚಬಹುದು.

ಚೌಮ್ ಅವರ 1982ರ ಸಹಿಯ ಕಥೆ ತಿರುಗುಮುರುಗು. ಮುಂದೊಂದು ದಿನ ಆ ಟೋಕನ್ನಿನ ನಕಲು ಮಾಡಬಹುದು, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಹಾಕಿಸಿಕೊಂಡವರು ಯಾರು ಎಂದು ಮಾತ್ರ ಯಾವ ಕಂಪ್ಯೂಟರೂ ಹೇಳಲಾರದು. ಮುಸುಕಿನ ಸಂಖ್ಯೆ ಫೋನಿನಲ್ಲಿ ಅಳಿದಿದೆ, ಉಳಿದ ಅಂಕಿಗಳಿಗೆ ಪ್ರತಿಯೊಬ್ಬ ಸದಸ್ಯನೂ ಒಂದೇ ಸಮನಾಗಿ ಹೊಂದುತ್ತಾನೆ.